ಬಾಟಲಿ ಅಕ್ಕ
ಆರೋಗ್ಯ ಕೇಂದ್ರದ ಬಾಟಲಿ ಅಕ್ಕ ನಿಂತಲ್ಲಿ ನಿಲ್ಲುವವಳಲ್ಲ. ಕೆರೆನೀರಿನ ಹುಳು ಮೈಹೊಕ್ಕು ಮನೆಗೊಬ್ಬರ ಉಚ್ಚೆಯಲ್ಲಿ ರಕ್ತ ಕಾಣಿಸಿದಾಗಿನಿಂದ ಪರೀಕ್ಷೆಗೆ ಉಚ್ಚೆ ತುಂಬಿಸಿಕೊಳ್ಳುವ ಬಾಟಲಿಗಳನ್ನು ಹಿಡಿದು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸುತ್ತುತ್ತಾಳೆ. ಮಟಮಟ ಮಧ್ಯಾಹ್ನ ಬೀದಿಗೆ ಬೀದಿಯನ್ನೇ ಕುಣಿಸುತ್ತಾಳೆ. "ಕುಣೀರಿ! ಕುಣಿದ್ರೇನೇ ಹುಳದ ಮೊಟ್ಟೆ ಉದುರಿ ಬಾಟ್ಲಿಗೆ ಬರೋದು, ಆಗ್ಲೇ ರೋಗ ಇರೋದು ಗೊತ್ತಾಗೋದು!" ಸೊಂಟ ಹಿಡಿದ ಅಜ್ಜನಿಗೂ ರಿಯಾಯಿತಿಯಿಲ್ಲ. ನಾಚಿ ಬಾಗಿಲ ಹಿಂದೆ ನಿಂತ ಹೊಸ ಅಳಿಯನಿಗೆ, "ಕೆರೆಗೆ ಧುಮುಕೋವಾಗ ಎಲ್ಲಿತ್ತಪ್ಪಾ ಈ ನಾಚಿಕೆ?" ಎನ್ನುತ್ತಾಳೆ. ಕುಣಿಯದೆ ತುಂಬಿಸಿದ್ದು ಗೊತ್ತಾದರೆ ಬಾಟಲಿಯನ್ನು ಅಲ್ಲೇ ಚರಂಡಿಗೆ ಸುರಿದು ಇನ್ನೊಂದು ಕೈಗಿಡುತ್ತಾಳೆ. ಇವತ್ತು ಕೊನೆಗೆ ತನ್ನ ಮನೆಗೇ ಬಂದಳು. ಕೆರೆಯಲ್ಲೇ ಈಜಿ ಬೆಳೆದ ಮಗಳು ಅಮ್ಮನನ್ನು ಕಂಡದ್ದೇ ಲಂಗ ಎತ್ತಿ ಕಟ್ಟಿ ಕುಣಿಯಲು ನಿಂತಳು. ಅಕ್ಕ ಅವಳ ಭುಜ ಒತ್ತಿ ಕೂರಿಸಿದಳು. "ನೀನು ಕುಣೀಬೇಡ ಪುಟ್ಟಿ. ಹಾಗೇ ಕೊಡು."