ಕಸರತ್ ಏಕನಾಥ

ಬೀದರ ಮೈಸೂರು ರಾಜ್ಯಕ್ಕೆ ಸೇರಿ ದವಾಖಾನೆಯ ಬೋರ್ಡು ಕನ್ನಡಕ್ಕೆ ತಿರುಗಿದರೂ, ಕಸರತ್ತಿನ ಕೋಣೆಯ ಏಕನಾಥ ಮಾತ್ರ ಇನ್ನೂ ಉರ್ದುವಿನಲ್ಲೇ ಏಕ್, ದೋ ಎಂದು ಎಣಿಸುತ್ತ ಜನರ ಮರಗಟ್ಟಿದ ಕೈಕಾಲು ಎತ್ತಿಸುತ್ತಾನೆ. ಭಾಲ್ಕಿಯಿಂದ ರೈಲಿಗೆ ಬಂದವರು "ಸೂಜಿ ಇಲ್ಲೇನ್ರಿ, ಔಷಧ ಇಲ್ಲೇನ್ರಿ?" ಅಂದರೆ "ಅದ, ನಿಮ್ಮ ಬೆವರು" ಅನ್ನುತ್ತಾನೆ. ಜಮೀನುದಾರ ದೇಶಮುಖನಾದರೂ ಸರಿ, ಮೂಟೆ ಹೊರುವ ಹಮಾಲನಾದರೂ ಸರಿ, ನೋವಿಗೆ ಚೀರಿದರೆ ಅವನದು ಒಂದೇ ಮಾತು: "ಚೀರ್ರಿ, ಕೈ ಮಾತ್ರ ಇಳಸಬ್ಯಾಡ್ರಿ." ಅವನಿಗೆ ಆಗಿಬರದವರು ರೋಗಿಯ ಬೆನ್ನಿಗೆ ಬರುವ ಮನೆಯವರು. ತುತ್ತು ಉಣಿಸುವ ತಾಯಿ, ಅಂಗಿ ತೊಡಿಸುವ ಮಗಳು, ಎಲ್ಲರನ್ನೂ ಹೊರಗೆ ದಬ್ಬುತ್ತಾನೆ: "ನಿಮ್ಮ ಮಾಯೆ ಮಮತೆಗೇ ಇವರ ಕೀಲು ಕಟಗಿ ಆಗ್ಯಾವ." ಔರಾದ ಕಡೆಯ ಕುರಿಗಾರ ಮಡೆಪ್ಪನ ಮುರಿದ ಹೆಗಲು ಕೂಡಿದ್ದರೂ ಕೈ ತಲೆಗೆ ಏರುತ್ತಿರಲಿಲ್ಲ, ರುಮಾಲನ್ನು ಹೆಂಡತಿ ಸುಂದರಬಾಯಿಯೇ ಸುತ್ತಬೇಕು. "ಹೆಂಡ್ತಿ ಕಟ್ಟಿದ ರುಮಾಲು ನೋಡ್ರೋ" ಎಂದು ಸಂತೆಯಲ್ಲಿ ಜನ ನಕ್ಕ ಮೇಲೆ ಅವನು ಕುರಿ ಮಾರಲು ಹೋಗುವುದನ್ನೇ ಬಿಟ್ಟಿದ್ದ. ತಿಂಗಳು ದಣಿಸಿದ ಮೇಲೆ ಏಕನಾಥ ರುಮಾಲನ್ನು ಅವನ ಕೈಗೇ ಕೊಟ್ಟು "ಕಟ್ಟಪಾ" ಅಂದ. ಅರ್ಧಕ್ಕೆ ಜಾರಿತು. ಹೊರಗಿದ್ದ ಸುಂದರಬಾಯಿ ಓಡಿ ಬಂದಳು; ಏಕನಾಥ ಬಾಗಿಲಿಗೆ ಅಡ್ಡ ನಿಂತ: "ಅಲ್ಲೇ ನಿಂದರ್ರಿ, ಅಕ್ಕಾ." ಮಡೆಪ್ಪ ಹಲ್ಲು ಕಚ್ಚಿ ಮತ್ತೆ ಸುತ್ತತೊಡಗಿದ. ಅವನ ಕೈ ಏರಿದಾಗಲೆಲ್ಲ ಏಕನಾಥನ ಹೆಗಲೂ ತಾನಾಗಿ ಏರುತ್ತಿತ್ತು. "ಸೊಟ್ಟ ಆಗ್ಯಾದೇನ್ರಿ?" ಎಂದ ಮಡೆಪ್ಪ. "ಆಗ್ಯಾದ," ಎಂದ ಏಕನಾಥ, "ಹಾಂಗೇ ಸಂತಿಗಿ ನಡಿ."