ನೆಲ ಮುನಸಿಪಾಲ್ಟೀದು, ಮಣ್ಣು ನಮ್ದು

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ನಮ್ಮ ಮನೆಯ ಹಿಂದೆ ಮುನಸಿಪಾಲ್ಟಿಯ ಖಾಲಿ ಜಾಗವಿತ್ತು. ಅದನ್ನು ತುಂಡು ಮಾಡಿ ಓಣಿಯ ಹೆಂಗಸರಿಗೆ ಕಾಯಿಪಲ್ಯ ಬೆಳೆಯಲು ಕೊಟ್ಟಿದ್ದರು. ಒಂದು ತುಂಡು ನಮ್ಮ ಅತ್ತೆಯದು. ಸಿರುಗುಪ್ಪದ ಕಾಲುವೆ ನೆಲ ಕಂಡವರು ಅವರು, ಇಲ್ಲಿಯ ಗರಸು, ಬರೀ ಕಲ್ಲುಮಣ್ಣು ನೋಡಿ, "ಇದಕ್ಕ ಮಣ್ಣು ಅಂತಾರೇನು?" ಎಂದು ಮೂಗು ಮುರಿದಿದ್ದರಂತೆ. ತವರಿನ ರೈಸ್‌ಮಿಲ್ಲಿನ ಹೊಟ್ಟಿನ ಬೂದಿ, ಕೆರೆಯ ಹೂಳು, ಸೆಗಣಿ ಗೊಬ್ಬರ ತಂದು ಸುರಿದು ಸುರಿದು, ನಾನು ಸೊಸೆಯಾಗಿ ಬರುವಷ್ಟರಲ್ಲಿ ಬೆರಳು ಊರಿದರೆ ಬುಡದವರೆಗೆ ಇಳಿಯುವ ಕಪ್ಪು ಮಣ್ಣು ಮಾಡಿಟ್ಟಿದ್ದರು. ಓಣಿಯವರೂ ಅವರನ್ನು ನೋಡಿ ಹಾಗೇ ಮಾಡಿದ್ದರು.

ಒಂದು ದಿನ ಮುನಸಿಪಾಲ್ಟಿಯ ಜವಾನ ಬಂದು, ಜಾಗ ಹೆಣ್ಣುಮಕ್ಕಳ ಸಾಲಿ ಕಟ್ಟಲು ಬೇಕು, ಈ ವಾರವೇ ಬಿಡಬೇಕು ಎಂದು ಹೇಳಿ ಹೋದ. ಸಾಲಿ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಮಡಿಗಳಲ್ಲಿ ಪುಂಡಿಪಲ್ಯ ಮೊಣಕಾಲೆತ್ತರ ನಿಂತಿತ್ತು. ಎಲ್ಲರೂ ಮುನಸಿಪಾಲ್ಟಿ ಅಧ್ಯಕ್ಷರ ಕಚೇರಿಗೆ ಹೋದೆವು.

"ನೀ ಕಾನ್ವೆಂಟಿನ್ಯಾಗ ಕಲಿತಾಕಿ, ನೀನ ಮಾತಾಡು" ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿದರು.

ಅಧ್ಯಕ್ಷರು ಸೌಮ್ಯವಾಗಿಯೇ ಹೇಳಿದರು: "ಜಾಗ ಊರಿಂದು ತಾಯಿ. ಊರಿಗೆ ಬೇಕಾದಾಗ ತಗೋಬೇಕಾಗ್ತದ."

ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿಕೊಂಡೆ. "ಹೌದ್ರಿ, ಸಾಲಿ ಕಟ್ರಿ. ಆದ್ರ ಬದಲಿ ಜಾಗ ಕೊಡ್ರಿ. ಬಿತ್ತಿದ್ದು ಕೊಯ್ಯೋತನಕ ಎಬ್ಬಿಸಬ್ಯಾಡ್ರಿ. ಮ್ಯಾಲಿನ ಮಣ್ಣು ಮಾತ್ರ ನಮ್ದು, ಅದನ್ನ ಒಯ್ತೀವಿ."

"ಮಣ್ಣು ಒಯ್ತೀರಾ!" ಗುಮಾಸ್ತರೊಬ್ಬರು ನಕ್ಕರು.

ಅತ್ತೆ ತಡೆದುಕೊಳ್ಳಲಿಲ್ಲ. "ಯಾಕ್ರಿ, ಹೊತ್ತು ತಂದಾಕಿ ನಾನು. ನಿಮ್ಮ ಗರಸು ತಳದಾಗ ಹಂಗ ಐತಿ, ಅಗದು ನೋಡಿಕೋರ್ರಿ!"

ಈಗ ಅಧ್ಯಕ್ಷರೂ ನಕ್ಕರು. ಕೊಯ್ಲಿನವರೆಗೆ ಬಿಟ್ಟರು. ಸಂಗನಕಲ್ಲಿನ ದಾರಿಯಲ್ಲಿ ಬದಲಿ ತುಂಡುಗಳನ್ನು ಕೊಟ್ಟರು. ಅಲ್ಲಿ ಗುಡಿಸಲು ಹಾಕಬಾರದು, ಬೇರೆಯವರಿಗೆ ವಹಿಸಬಾರದು ಎಂದರು. ನ್ಯಾಯವಾದ ಮಾತು, ಒಪ್ಪಿದೆವು. ಕೊಯ್ಲು ಮುಗಿದ ಮೇಲೆ ಮಣ್ಣು ಸಾಗಿಸಲು ಮುನಸಿಪಾಲ್ಟಿಯ ಟ್ರ್ಯಾಕ್ಟರೇ ಬಂತು.

ಅತ್ತೆ ಟ್ರ್ಯಾಕ್ಟರಿನಲ್ಲಿ ತುಂಬಿದ ಮಣ್ಣಿನ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಪಕ್ಕದಲ್ಲಿ ನಾನು. ಬಜಾರಿನಲ್ಲಿ ಕಿರಾಣಿಯವನು ಕೂಗಿದ: "ಎಲ್ಲಿಗಿ ಸವಾರಿ, ಅವ್ವಾ?"

"ನಮ್ಮ ಹೊಲ ಮನಿ ಬದಲಿ ಮಾಡಾಕತ್ತೈತಿ. ಕಳಸಾಕ ಹೊಂಟೀವಿ!"

ನನ್ನ ತಲೆಯ ಸೆರಗು ಜಾರಿತ್ತು. ಕೈತುಂಬ ಮಣ್ಣಿತ್ತು; ಎಳೆದುಕೊಳ್ಳಲಿಲ್ಲ. ಅತ್ತೆ ನೋಡಿದರು, ಸ್ವಲ್ಪ ಸರಿದು ನನಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.