ಅವ್ವನಿಗೊಂದು ಜಾಗ, ಬೆಳ್ಮಣ್ಣಿನಲ್ಲಿ

ನಮ್ಮೂರ ಮಂದಿಯೇ, ಕೇಳಿರಿ, ಸುಡುಗಾಡಿನಲ್ಲಿ ಜನವೋ ಜನ! ಗೋರಿಗೋರಿಗೂ ಸೇವಂತಿಗೆ, ಸಾಲುಸಾಲು ಮೇಣದ ಬತ್ತಿ. ಒಳ್ಳೆಯ ಸೀರೆ ಉಟ್ಟ ಹೆಂಗಸರು ಒಬ್ಬರನ್ನೊಬ್ಬರು ಮಾತನಾಡಿಸುತ್ತಿದ್ದಾರೆ, ಕೆಲವರು ನಗುತ್ತಲೂ ಇದ್ದಾರೆ! ನಮ್ಮೂರಲ್ಲಿ ಆ ಕಡೆ ಹಾಯುವಾಗ ದನಿ ತಗ್ಗಿಸುತ್ತೇವಲ್ಲ, ಇಲ್ಲಿ ಬೀಗರ ಮನೆಗೆ ಬಂದಂತೆ ಬರುತ್ತಾರೆ. ಇದು ಬೆಳ್ಮಣ್ಣು ಎಂಬ ಊರಿನ ಕೊಂಕಣಿ ಕ್ರೈಸ್ತರು ವರ್ಷಕ್ಕೊಮ್ಮೆ ಸತ್ತವರನ್ನು ನೆನೆಯುವ ದಿನ.

ಕೃಷ್ಣೆಯ ದಂಡೆಯಿಂದ ಈ ಕರಾವಳಿಯ ಶಾಲೆಗೆ ಟೀಚರಾಗಿ ಬಂದಾಗ ನನ್ನ ಗೋಳು ಕೇಳುವವರಿರಲಿಲ್ಲ. ರೊಟ್ಟಿ ಇಲ್ಲ, ದಪ್ಪ ಕುಚ್ಚಲಕ್ಕಿ ಅನ್ನ. ಸುತ್ತಲೂ ತುಳು. ನನ್ನ ಅವ್ವನನ್ನು ಮಣ್ಣು ಮಾಡಿದ ಸಂಗತಿ ಹೇಳಿದರೆ, ಹೆಣ ಸುಡುವ ನೆರೆಯವರು ಬೆರಗಾಗಿ, "ಎಂತ ಟೀಚರ್, ನೀವು ಕ್ರಿಸ್ತಾನರಾ?" ಎಂದರು. ಲಿಂಗಾಯತರೂ ಹೂಳುತ್ತಾರೆಂದು ಎಷ್ಟು ಜನಕ್ಕೆ ತಿಳಿಸಿ ಹೇಳಲಿ! ಕೇಳಿದೊಡನೆ ತಲೆಯಾಡಿಸಿದವರು ನನಗೆ ಬಾಡಿಗೆಗೆ ಕೋಣೆ ಕೊಟ್ಟ ಸೆಲಿನ್ ಬಾಯಿ ಮಾತ್ರ. ಕ್ರೈಸ್ತ ಮನೆಯೊಡತಿಯನ್ನು ಇಲ್ಲಿ ಬಾಯಿ ಎನ್ನುತ್ತಾರೆ.

ಆ ದಿನ ಅವರ ಜೊತೆ ಹೋಗಿ ನಾನೊಂದು ಯಡವಟ್ಟು ಮಾಡಿದೆ. ಅವರ ಗಂಡನ ಗೋರಿಯ ಮುಂದೆ ನಿಂತವಳು, ರೂಢಿಯ ಬಲ, ಚೀಲದಿಂದ ವಿಭೂತಿ ತೆಗೆದು ಶಿಲುಬೆಗೆ ಮೂರು ಬೆರಳು ಎಳೆದುಬಿಟ್ಟೆ! ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೆಲಿನ್ ಬಾಯಿ ನಕ್ಕರು. "ಇರಲಿ ಬಿಡಿ ಟೀಚರ್, ಬದುಕಿದ್ದಾಗಲೂ ಅವರಿಗೆ ಪೌಡರಿನ ಶೋಕಿ ಇತ್ತು."

ನಗಲು ಹೋಗಿ ನಾನು ಅತ್ತೆ. ನಿಮಗೆ ಗೊತ್ತೇ ಇದೆ, ಅಣೆಕಟ್ಟಿನ ನೀರು ಬಂದರೆ ಊರಿನ ಜೊತೆ ಅವ್ವನ ಸಮಾಧಿಯೂ ಮುಳುಗುತ್ತದೆ. ಆಮೇಲೆ ಎಲ್ಲಿ ಹೋಗಿ ಕೈ ಮುಗಿಯಲಿ? ಬಾಯಿಗೂ ಅದನ್ನೇ ಹೇಳಿಕೊಂಡೆ.

ಬಾಯಿ ನನ್ನ ಕೈ ಹಿಡಿದು ನಡುವಿನ ದೊಡ್ಡ ಶಿಲುಬೆಯ ಬಳಿ ಕರೆದೊಯ್ದರು. ಅದರ ಬುಡದಲ್ಲಿ ಬತ್ತಿಗಳು ಕಿಕ್ಕಿರಿದಿದ್ದವು.

"ನಮ್ಮ ಹಿರಿಯರು ಗೋವೆ ಬಿಟ್ಟು ಓಡಿ ಬಂದದ್ದು. ಅಲ್ಲಿ ಯಾರ ಗೋರಿ ಎಲ್ಲಿ ಉಂಟು, ನಮಗೆ ಗೊತ್ತಿಲ್ಲ. ಗೋರಿ ಸಿಗದವರಿಗೆಲ್ಲ ಇಲ್ಲೇ ಹಚ್ಚುವುದು. ನಿಮ್ಮ ಅಮ್ಮನಿಗೂ ಒಂದು ಹಚ್ಚಿ, ಜಾಗ ಉಂಟು."

ಹಚ್ಚಿದೆ! ಎದೆ ಎಷ್ಟು ಹಗುರಾಯಿತೆಂದರೆ, ಓಡಿ ಬಂದು ನಿಮಗೆಲ್ಲ ಕೂಗಿ ಹೇಳಬೇಕೆನಿಸಿತು. ಮುಳುಗುವ ಊರಿನ ಬದಲು ಸರ್ಕಾರ ಕೊಡುವ ಹೊಸ ಊರಿನಲ್ಲಿ ಮನೆ ಹಂಚಿಕೊಳ್ಳುವ ಮೊದಲು ಒಂದು ಕಲ್ಲು ನಿಲ್ಲಿಸಿರಿ, ಸಮಾಧಿ ಮುಳುಗಲಿರುವವರೆಲ್ಲರ ಹೆಸರಿನಲ್ಲಿ. ಗೌಡರ ಕೇರಿ, ತಳವಾರರ ಕೇರಿ ಎಂದು ಜಗಳಾಡಬೇಡಿ, ಒಂದೇ ಕಲ್ಲು ಸಾಕು.

ಹಿಂದಿರುಗುವಾಗ ಬಾಯಿ ಕೇಳಿದರು, "ಊರಿಗೆ ವರ್ಗ ಬೇಕೂಂತ ಕೂತಿದ್ದೀರಲ್ಲ, ಸಿಕ್ಕಿದರೆ ಹೋಗುತ್ತೀರಾ?"

"ಹೋಗ್ತೀನ್ರಿ ಬಾಯಿ, ಅಪ್ಪ ಒಬ್ಬನಾ ಅದಾನ."

"ಹಾಗಾದ್ರೆ ಬರುವ ವರ್ಷ ಅಮ್ಮನಿಗೆ ಬತ್ತಿ ಹಚ್ಚುವುದು ಯಾರು?"

"ನಾನಾ ಬರ್ತೀನ್ರಿ!" ಯೋಚಿಸದೆ ಅಂದುಬಿಟ್ಟೆ. ತಾಯಿ ಇದ್ದಲ್ಲಿ ತವರು ಅನ್ನುತ್ತೀರಲ್ಲ ನೀವೆಲ್ಲ. ಈಗ ನನ್ನ ತವರು ಯಾವುದು, ನೀವೇ ಹೇಳಿ.